ಅರ್ಬಾಬರ ಕೋವಿಗೆ ಎಷ್ಟು ಇಂಚು

ಕಂಪನಿಯ ಧಣಿ ಅಲಿ ಅರ್ಬಾಬರು ಟೀ ಲೋಟವನ್ನು ಮೇಜಿನ ಗಾಜಿನ ಮೇಲಿಟ್ಟು, "ಬೋಜ, ಎಷ್ಟು ಇಂಚು?" ಎಂದು ಕೇಳಿದಾಗ ಬೋಜ ಸಹಜವಾಗಿಯೇ, "ಯಾವ ಪೈಪು ಅರ್ಬಾಬ್?" ಎಂದ.

ಒಮಾನಿನ ವಾದಿ ಕಬೀರಿನ ಆ ಕಂಪನಿಯಲ್ಲಿ ಇಂಚು ಎಂದರೆ ಪೈಪು, ಪೈಪು ಎಂದರೆ ಬೋಜ. ಅವನು ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಪರ್ಚೇಸ್ ಆಫೀಸರ್. ಪಂಪು, ವಾಲ್ವು, ಆಫೀಸಿನ ಟೀಪುಡಿ, ಅರ್ಬಾಬರ ಮೊಮ್ಮಗನ ಸೈಕಲ್ಲು, ಒಮ್ಮೆ ಒಂದು ಓಟದ ಒಂಟೆ, ಹೀಗೆ ಕಂಪನಿ ಕೊಂಡದ್ದೆಲ್ಲ ಅವನ ಮೇಜಿನ ಮೇಲಿಂದಲೇ ಹಾದುಹೋಗಿತ್ತು. ಒಂಟೆ ಮಾತ್ರ ಕಾಗದದ ರೂಪದಲ್ಲಿ.

"ಪೈಪಲ್ಲ, ಬಂದೂಕು," ಎಂದರು ಅರ್ಬಾಬರು. ಹಳೆಯ ಮತ್ರಾದ ಓಣಿಗಳಲ್ಲಿ ಗುಜರಾತಿ ವ್ಯಾಪಾರಿಗಳ ನಡುವೆ ಬೆಳೆದ ಅವರ ಹಿಂದಿ ಬೋಜನ ಹಿಂದಿಗಿಂತ ಚೆನ್ನಾಗಿತ್ತು. ಸೂರ್ ಪಟ್ಟಣದ ಗೆಳೆಯರೊಬ್ಬರು ಸೆಪ್ಟೆಂಬರಿನಲ್ಲಿ ಕಿರ್ಗಿಸ್ತಾನದ ಬೆಟ್ಟಗಳಿಗೆ ಬೇಟೆಗೆ ಹೊರಟಿದ್ದಾರೆ, ದೊಡ್ಡ ಕೊಂಬಿನ ಕಾಡುಮೇಕೆ, ಅಲ್ಲಿ ಹಣ ಕಟ್ಟಿದರೆ ಸರ್ಕಾರವೇ ಬಿಡುತ್ತದೆ, ನೀನೂ ಬಾ ಎಂದಿದ್ದಾರೆ. ಲೈಸೆನ್ಸ್ ಆಗಿದೆ. ಬೆಟ್ಟಕ್ಕೆಂದೇ ಮಾಡಿದ ಹಗುರವಾದ ಕೋವಿ. ಆದರೆ ಅದೇ ಕೋವಿ ಹದಿನೆಂಟು ಇಂಚಿನ ನಳಿಗೆಯಲ್ಲೂ ಬರುತ್ತದೆ, ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತನಾಲ್ಕರಲ್ಲೂ ಬರುತ್ತದೆ, ಕೊನೆಗೆ ಇಪ್ಪತ್ತಾರರ ಒಂದು ದಪ್ಪ ನಳಿಗೆಯೂ ಇದೆ. "ಅಂಗಡಿಯವನು ಯಾವುದು ಬೇಕು ಅಂತ ಕೇಳಿದ. ನನ್ನ ಕಂಪನಿಯಲ್ಲಿ ಒಬ್ಬ ಶಿಕಾರಿ ಇದ್ದಾನೆ, ಅವನನ್ನು ಕೇಳಿ ಹೇಳ್ತೇನೆ ಅಂದೆ."

ಶಿಕಾರಿ ಎಂದರೆ ಬೋಜ. ಎಂದೋ ಒಂದು ಇಫ್ತಾರಿನಲ್ಲಿ ಮಾತು ನಿಂತುಹೋಗಿ ಎಲ್ಲರೂ ಖರ್ಜೂರ ನೋಡುತ್ತ ಕುಳಿತಿದ್ದಾಗ, ಸುಳ್ಯದ ಕಡೆಯ ತನ್ನ ಅಜ್ಜನ ಬಳಿ ಕಾಡುಹಂದಿ ಓಡಿಸಲು ಒಂದು ಕೇಪಿನ ಕೋವಿ ಇತ್ತು ಎಂದು ಅವನು ಹೇಳಿದ್ದ. ಆ ಕೋವಿ ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಠೇವಣಿಯಾಗಿ, ಫಲಿತಾಂಶ ಬಂದ ಮೇಲೆ ಮನೆಗೆ ಬರುತ್ತಿತ್ತು. ಬೇರೆಲ್ಲಿಗೂ ಹೋದದ್ದನ್ನು ಬೋಜ ಕಂಡಿರಲಿಲ್ಲ. ಅಷ್ಟಕ್ಕೆ ಅರ್ಬಾಬರು ಬಂದವರಿಗೆಲ್ಲ ಅವನನ್ನು ಶಿಕಾರಿ ಎಂದು ಪರಿಚಯಿಸತೊಡಗಿದರು. ಬೋಜ ತಿದ್ದಲಿಲ್ಲ. ಆ ಆಫೀಸಿನಲ್ಲಿ ಅರ್ಬಾಬರನ್ನು ತಿದ್ದುವ ಕೆಲಸಕ್ಕೆ ಯಾರನ್ನೂ ನೇಮಿಸಿರಲಿಲ್ಲ.

"ಸ್ಯಾಂಪಲ್ ತರ್ತೇನೆ ಅರ್ಬಾಬ್," ಎಂದ.

ಬೋಜನ ಇಪ್ಪತ್ತೆರಡು ವರ್ಷದ ವಿದ್ಯೆಯೆಲ್ಲ ಆ ಮಾತಿನಲ್ಲಿತ್ತು. ಯಾವುದು ಒಳ್ಳೆಯದು ಎಂದು ಅವನು ಯಾರಿಗೂ ಬಾಯಿಬಿಟ್ಟು ಹೇಳಿದವನಲ್ಲ. ಹೇಳಿದರೆ ನಾಳೆ ಪೈಪು ಒಡೆದಾಗ ಹೇಳಿದವನ ಹೆಸರು ಬರುತ್ತದೆ. ಅವನು ಮೂರು ಸ್ಯಾಂಪಲ್ ತಂದು ಮೇಜಿನ ಮೇಲಿಡುತ್ತಿದ್ದ. ಎರಡು ಸೋಲಲಿಕ್ಕೆಂದೇ ಆರಿಸಿ ತಂದವು; ಒಂದರ ಬಣ್ಣ ಹೋಗಿರುತ್ತಿತ್ತು, ಇನ್ನೊಂದರ ತಿರುಪು ಸವೆದಿರುತ್ತಿತ್ತು. ಅರ್ಬಾಬರು ಮೂರನ್ನೂ ಮುಟ್ಟಿ, ತಟ್ಟಿ, ಕಿವಿಯ ಹತ್ತಿರ ಹಿಡಿದು, ಬೋಜ ಆಗಲೇ ಆರ್ಡರ್ ಕೊಟ್ಟಾಗಿದ್ದ ಮೂರನೆಯದನ್ನು ಗಂಭೀರವಾಗಿ ಆರಿಸುತ್ತಿದ್ದರು. ಎಲ್ಲರಿಗೂ ಗೌರವ ಉಳಿಯುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಬೋಜ ಡಬ್ಬಿ ಹಿಡಿದು ಚೇತನನ ಕ್ಯಾಬಿನ್ನಿಗೆ ಹೋದ. ಚೇತನ್ ಮೈಸೂರಿನ ಸೇಲ್ಸ್ ಇಂಜಿನಿಯರ್, ಮೂವತ್ತರ ಹುಡುಗ. ತಿಳಿಯದ ವಿಷಯವೇ ಇಲ್ಲ, ತಿಳಿಯದಿದ್ದರೆ ಊಟ ಮುಗಿಯುವುದರೊಳಗೆ ತಿಳಿದುಕೊಳ್ಳುತ್ತಿದ್ದ. ಒಂದು ಕೈಯಲ್ಲಿ ಮೊಸರನ್ನ ಕಲಸುತ್ತ, ಇನ್ನೊಂದರಲ್ಲಿ ಮೌಸ್ ಹಿಡಿದ.

"ನೋಡಿ ಸಾರ್, ತುಂಬಾ ಸಿಂಪಲ್ಲು. ನಳಿಗೆ ಉದ್ದ ಇದ್ದಷ್ಟೂ ಗ್ಯಾಸು ಗುಂಡನ್ನ ಹೆಚ್ಚು ಹೊತ್ತು ತಳ್ಳತ್ತೆ, ವೇಗ ಜಾಸ್ತಿ. ಒಂದಿಂಚು ಕಡಿಮೆ ಮಾಡಿದ್ರೆ ಸೆಕೆಂಡಿಗೆ ಇಪ್ಪತ್ತೈದಡಿ ಹೋಯ್ತು ಅಂತಿಟ್ಕೊಳ್ಳಿ."

"ಹೋದ್ರೆ ಎಂತ ಆಗ್ತದೆ?"

"ಏನೂ ಆಗಲ್ಲ. ಮೇಕೆಗೆ ಆ ವ್ಯತ್ಯಾಸ ಗೊತ್ತಾಗೋಷ್ಟರಲ್ಲಿ ಅದು ಸತ್ತಿರತ್ತೆ."

"ಮತ್ತೆ ಉದ್ದದ್ದು ಯಾಕೆ ಮಾಡುದು ಮಾರಾಯ?"

"ದೊಡ್ಡ ತೋಟಾ ಇರತ್ತೆ ಸಾರ್, ಮ್ಯಾಗ್ನಮ್ ಅಂತ. ಅದಕ್ಕೆ ಗಿಡ್ಡ ನಳಿಗೆ ಹಾಕಿದ್ರೆ ಮದ್ದು ಹೊರಗಡೆ ಬಂದು ಉರಿಯತ್ತೆ. ಬೆಂಕಿ, ಸದ್ದು, ಕಿವಿ ಹೋಯ್ತು. ಅರ್ಬಾಬ್ ತಗೊಳ್ತಿರೋದು ಸಾದಾ ತೋಟಾ. ಇಪ್ಪತ್ತು ಸಾಕು. ಹೆಗಲಿಗೆ ಹಾಕ್ಕೊಂಡ್ರೆ ತಲೆ ಮೇಲೆ ಎದ್ದು ಬಂಡೆಗೆ ಬಡಿಯಲ್ಲ."

"ಭಾರ?"

"ತೆಳು ನಳಿಗೆ ಆದ್ರೆ ಇಂಚಿಗೆ ನಲವತ್ತೈವತ್ತು ಗ್ರಾಮು. ನಾಲ್ಕಿಂಚು ಬಿಟ್ರೆ ಈ ಡಬ್ಬಿಲಿರೋ ಮೊಸರನ್ನದಷ್ಟು ಉಳಿಯತ್ತೆ. ಆದ್ರೆ ಆ ಇಪ್ಪತ್ತಾರರ ದಪ್ಪದ್ದಿದೆಯಲ್ಲ, ಅದು ಬೇರೆ ಕತೆ. ಅದು ಮೇಜಿನ ಮೇಲಿಟ್ಟು ಗುರಿ ಹೊಡೆಯೋರಿಗೆ. ಬೆಟ್ಟಕ್ಕೆ ಹೊತ್ಕೊಂಡು ಹೋದ್ರೆ ಮೇಕೆನೇ ಪಾಪ ಅಂತ ಕೆಳಗಿಳಿದು ಬರಬೇಕು."

"ಇದೆಲ್ಲ ಎಲ್ಲಿ ಬರ್ದಿರ್ತಾರೆ?"

"ಇಂಟರ್ನೆಟ್ಟಲ್ಲಿ ಇದಕ್ಕೇ ಅಂತ ಜನ ಕೂತಿರ್ತಾರೆ ಸಾರ್. ಅರ್ಧ ಇಂಚಿನ ವಿಷಯಕ್ಕೆ ಮನೆ ಮುರ್ಕೊಳ್ಳೋರು."

ಅಲ್ಲಿಗೆ ವಿಷಯ ಮುಗಿದಿತ್ತು. ಇಪ್ಪತ್ತು ಇಂಚು ಗೆಲ್ಲುವಂತೆ ಮೂರು ಸ್ಯಾಂಪಲ್ ಮಾಡಿಸಿದರೆ ಆಯಿತು ಎಂದುಕೊಂಡು ಬೋಜ ಕೈತೊಳೆಯಲು ಎದ್ದ. ಅಷ್ಟರಲ್ಲಿ ರುಕಿಯಾಳ ಕೋಣೆಯಿಂದ ಕರೆ ಬಂತು.

ರುಕಿಯಾ ಅರ್ಬಾಬರ ಕೊನೆಯ ಮಗಳು. ಇಂಗ್ಲೆಂಡಿನಲ್ಲಿ ಓದಿ ಬಂದು ಈಗ ಕಂಪನಿಯನ್ನು ನಡೆಸುತ್ತಿದ್ದವಳು ಅವಳೇ. ತಂದೆಗೆ ದೊಡ್ಡ ಕುರ್ಚಿಯನ್ನೂ, ಟೀಯನ್ನೂ, ಸ್ಯಾಂಪಲ್ ಆರಿಸುವ ಹಕ್ಕನ್ನೂ ಉಳಿಸಿದ್ದಳು. ಚಿಕ್ಕವಳಿದ್ದಾಗ ಕಂಪನಿಯ ಪಿಕಪ್ಪಿನಲ್ಲಿ ಶಾಲೆಯಿಂದ ಅವಳನ್ನು ಕರೆತರುತ್ತಿದ್ದವನು ಬೋಜ. ಹಾಗಾಗಿ ಈಗಲೂ ಬೋಜ್ ಅಂಕಲ್.

"ಬೋಜ್ ಅಂಕಲ್, ಬಾಬಾ ನಿಮ್ಮ ಹತ್ತಿರ ಬಂದೂಕಿನ ವಿಷಯ ಕೇಳಿದರಂತೆ," ಎಂದಳು ಇಂಗ್ಲಿಷಿನಲ್ಲಿ. "ಅವರ ಹೃದಯಕ್ಕೆ ಸ್ಟೆಂಟ್ ಹಾಕಿದೆ. ಮಂಡಿ ಎರಡೂ ಹೋಗಿವೆ. ಅಲ್ಲಿ ಮೇಲೆ ಗಾಳಿಯೇ ತೆಳುವಂತೆ. ನಾನು ಬೇಡ ಅಂದರೆ ಹಟಕ್ಕೆ ಹೋಗ್ತಾರೆ. ಅಣ್ಣಂದಿರು ಬೇಡ ಅಂದರೆ ಅವರನ್ನೂ ಎಳ್ಕೊಂಡು ಹೋಗ್ತಾರೆ."

ಬೋಜ ಹೌದು ಎನ್ನುವಂತೆಯೂ ಅಲ್ಲ ಎನ್ನುವಂತೆಯೂ ತಲೆಯಾಡಿಸಿದ. ಅದೂ ಇಪ್ಪತ್ತೆರಡು ವರ್ಷದ ಅಭ್ಯಾಸ.

"ಆ ಪಟ್ಟಿಯಲ್ಲಿ ಒಂದು ಉದ್ದದ್ದು, ದಪ್ಪದ್ದು ಇದೆ. ಅದನ್ನೇ ಅವರು ಆರಿಸೋ ಹಾಗೆ ಮಾಡಿ. ಬಂದ ಮೇಲೆ ಇಲ್ಲೇ ಎಲ್ಲಾದರೂ ಹೊತ್ಕೊಂಡು ಹತ್ತಿ ನೋಡ್ತಾರೆ, ಸುಸ್ತಾಗಿ ತಾವೇ ಬಿಡ್ತಾರೆ. ಯಾರೂ ಬೇಡ ಅಂದ ಹಾಗಾಗಲ್ಲ." ಒಂದು ಕ್ಷಣ ಬಿಟ್ಟು, ಮೇಜಿನ ಮೇಲಿನ ಫೈಲುಗಳನ್ನು ಸರಿಸುತ್ತ, "ಹಾಂ, ನಿಮ್ಮ ವೀಸಾ ರಿನ್ಯೂವಲ್ ಮೇ ತಿಂಗಳಲ್ಲಿ ಅಲ್ವಾ? ಇಲ್ಲೇ ಇದೆ," ಎಂದಳು.

ಬೆದರಿಕೆಯೇನಲ್ಲ. ಅವಳಿಗೆ ಎರಡು ವಿಷಯಗಳು ಒಂದರ ಹಿಂದೆ ಒಂದು ನೆನಪಾಗಿದ್ದವು, ಅಷ್ಟೇ. ಬೋಜನಿಗೆ ಮಾತ್ರ ಅವೆರಡೂ ಒಂದೇ ವಿಷಯವಾಗಿ ಕೇಳಿಸಿದವು.

ಮೇ ತಿಂಗಳಿಗೆ ಅವನಿಗೆ ಅರುವತ್ತು. ಅರುವತ್ತಾದವನು ಒಮಾನಿನಲ್ಲಿ ಉಳಿಯಬೇಕೆಂದರೆ ಕಂಪನಿಯೇ ತನಗೆ ಇವನು ಬೇಕು ಎನ್ನಬೇಕು. ತಡವಾಗಿ ಹುಟ್ಟಿದ ಮಗಳು ಅಕ್ಷಿತಾ ಅಲ್ಲೇ ವಾದಿ ಕಬೀರಿನ ಶಾಲೆಯಲ್ಲಿ ಹತ್ತು ಮುಗಿಸುತ್ತಿದ್ದಳು. ಹನ್ನೆರಡು ಮುಗಿಯುವವರೆಗೆ ಎರಡು ವರ್ಷ ಸಿಕ್ಕರೆ ಸಾಕಿತ್ತು. ಅದಕ್ಕಿಂತ ಹೆಚ್ಚಿನ ಆಸೆ ಪಡುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

ಅಂದು ಸಂಜೆ ಅವನು ಬೂಟು ಬಿಚ್ಚುವ ಮೊದಲೇ ಅಕ್ಷಿತಾ ಬಂದು ನಿಂತಳು. "ಪಪ್ಪಾ, ಸೈನ್ಸಾ ಕಾಮರ್ಸಾ ಅಂತ ಮಿಸ್ ಕೇಳ್ತಿದ್ದಾರೆ. ಆರ್ ವಿ ಸ್ಟೇಯಿಂಗ್ ಆರ್ ನಾಟ್?"

"ಮಿಸ್ಸಿಗೆ ಎಂತ ಅರ್ಜೆಂಟ್?"

"ಪಪ್ಪಾ, ಪ್ಲೀಸ್. ಜಸ್ಟ್ ಸೇ ಯೆಸ್ ಆರ್ ನೋ."

ಅಡುಗೆಮನೆಯಿಂದ ಹೆಂಡತಿ ಅಪ್ಪಿ ಇಣುಕಿದಳು. "ಅವರತ್ರ ಎಸ್ ನೋ ಕೇಳ್ಬೇಡ ಮಗಾ. ಮದುವೆಗೆ ಮೊದಲು ನನ್ನನ್ನು ನೋಡ್ಲಿಕ್ಕೆ ಬಂದವರು, ಒಪ್ಪಿಗೆಯಾ ಅಂತ ಕೇಳಿದ್ದಕ್ಕೆ ಕಾಫಿ ಚೆನ್ನಾಗಿ ಉಂಟು ಅಂದಿದ್ರು."

ಬೋಜ ಬೂಟು ಬಿಚ್ಚತೊಡಗಿದ. ಕಾಫಿ ನಿಜಕ್ಕೂ ಚೆನ್ನಾಗಿತ್ತು.

ಮರುದಿನ ಅವನು ವರ್ಕ್‌ಶಾಪಿಗೆ ಹೋದ. ಅದರ ಮೇಸ್ತ್ರಿ ಸ್ಟ್ಯಾನ್ಲಿ, ಮಂಗಳೂರಿನವನು. ಗೋನು ಚಂಡಮಾರುತದಲ್ಲಿ ಕೆಟ್ಟ ಪಂಪುಗಳನ್ನು ಸುಮಾರು ಒಂದು ವರ್ಷದಿಂದ ಬಿಚ್ಚಿ ಬಿಚ್ಚಿ, ಈಗ ಬಿಚ್ಚಿದ್ದು ಯಾವುದು ಬಿಚ್ಚದ್ದು ಯಾವುದು ಎಂಬುದೇ ತಿಳಿಯದಂತಾಗಿದ್ದ. ಈಗ ಗೆಲ್ಲಬೇಕಾದದ್ದು ಇಪ್ಪತ್ತಾರು ಇಂಚು; ಬೋಜ ಅದಕ್ಕೆ ತಕ್ಕಂತೆ ವಿವರಿಸಿದ. ಮೂರು ಹಲಗೆ, ಕೋವಿಯ ಹಿಡಿಯ ಆಕಾರಕ್ಕೆ. ಪ್ರತಿಯೊಂದಕ್ಕೂ ಒಂದು ಪೈಪು ಕ್ಲಾಂಪ್ ಹಾಕಿ ಬಿಗಿಯಬೇಕು, ಹೆಗಲಿಗೆ ಒಂದು ಪಟ್ಟಿ. ಹದಿನೆಂಟು ಇಂಚಿನದಕ್ಕೆ ದಪ್ಪ ಗೋಡೆಯ ಕಬ್ಬಿಣದ ಪೈಪು, ಒಳಗೆ ಮರಳು ತುಂಬಿ ಎರಡೂ ಬಾಯಿ ಬೆಸುಗೆ. ಇಪ್ಪತ್ತೆರಡರದ್ದಕ್ಕೆ ಸಾಧಾರಣ ನೀರಿನ ಪೈಪು, ಅದಕ್ಕೂ ಸ್ವಲ್ಪ ಮರಳು. ಇಪ್ಪತ್ತಾರರದ್ದಕ್ಕೆ ಕರೆಂಟಿನ ವೈರು ಎಳೆಯುವ ತೆಳ್ಳನೆಯ ಕಂಡ್ಯೂಟ್, ಕಪ್ಪು ಬಣ್ಣ ಬಳಿದು.

"ಗಿಡ್ಡದ್ದು ಭಾರ, ಉದ್ದದ್ದು ಹಗುರ," ಎಂದು ಸ್ಟ್ಯಾನ್ಲಿ ಎರಡು ಸಲ ಹೇಳಿಕೊಂಡ. "ಇದು ಎಂತ ಲೆಕ್ಕ ಬೋಜಣ್ಣ?"

"ಸ್ಯಾಂಪಲ್ ಮಾರಾಯ."

"ಹಾಂ, ಸ್ಯಾಂಪಲಾ? ಹಾಗಾದ್ರೆ ಸರಿ. ನಾನು ನಿಜವಾದದ್ದು ಅಂತ ಎಣಿಸಿದೆ."

ಶುಕ್ರವಾರ ಬೆಳಿಗ್ಗೆ ಮತ್ರಾದ ಹಿಂದಿನ ಗುಡ್ಡ. ಅರ್ಬಾಬರೇ ಆರಿಸಿದ ಜಾಗ. ಮೇಜಿನ ಮೇಲೆ ಕೋವಿ ನೋಡಿ ಏನು ತಿಳಿಯುತ್ತದೆ, ಹತ್ತಿಯೇ ನೋಡಬೇಕು ಎಂದಿದ್ದರು. ದಿಶ್‌ದಾಶಾ ನಿಲುವಂಗಿಯ ಕೆಳಗೆ ನಡೆಯಲೆಂದೇ ಕೊಂಡ ಹೊಸ ಬೂಟು, ತಲೆಗೆ ಬಿಗಿಯಾಗಿ ಸುತ್ತಿದ ಮಸ್ಸರ್. ಕೈಗೋಲನ್ನು ಕಾರಿನಲ್ಲೇ ಬಿಟ್ಟರು. "ಬಂದೂಕು ಇರುವವನಿಗೆ ಕೋಲು ಯಾಕೆ?"

ಬೋಜ ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದ ಮೂರನ್ನೂ ಬಿಚ್ಚಿ ಕಲ್ಲಿಗೆ ಆನಿಸಿ ನಿಲ್ಲಿಸಿದ. ಯಾರಾದರೂ ನೋಡಿ ಪೊಲೀಸರಿಗೆ ಹೇಳಿದರೆ ಎಂದು ಅವನು ರಾತ್ರಿಯಿಡೀ ಹೆದರಿದ್ದ. ಹೆದರಬೇಕಾಗಿರಲಿಲ್ಲ. ಎದುರಿಗೆ ಬಂದ ಇಬ್ಬರು ಅರ್ಬಾಬರಿಗೆ ಸಲಾಂ ಹೇಳಿ, ಬೋಜನ ಕೈಲಿದ್ದ ಪೈಪುಗಳ ಕಡೆ ಕಣ್ಣೂ ಹಾಯಿಸದೆ ಹೋದರು. ಒಮಾನಿನಲ್ಲಿ ಪೈಪು ಹಿಡಿದ ಭಾರತೀಯನನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ.

ಅರ್ಬಾಬರು ಮೊದಲು ಹದಿನೆಂಟರದ್ದನ್ನು ಹೆಗಲಿಗೆ ಹಾಕಿಕೊಂಡರು. ಮೆಟ್ಟಿಲು ಮುಗಿದು ಕಲ್ಲುದಾರಿ ಶುರುವಾಗುವಲ್ಲಿಗೆ ನಿಂತರು. "ವಲ್ಲಾ, ಗಿಡ್ಡದ್ದೇ ಇಷ್ಟು ಭಾರವಾ?" ಎಂದು ಬಿಚ್ಚಿ ಬೋಜನಿಗೆ ಕೊಟ್ಟರು. ಇಪ್ಪತ್ತೆರಡರದ್ದನ್ನು ಹಾಕಿಕೊಂಡು ಒಂದು ತಿರುವಿನವರೆಗೆ ನಡೆದು ಅದನ್ನೂ ಕೊಟ್ಟರು. ಕೊನೆಗೆ ಇಪ್ಪತ್ತಾರರದ್ದನ್ನು ಎತ್ತಿದರು. ಅವರ ಹುಬ್ಬು ಮೇಲೆ ಹೋಯಿತು.

"ಬೋಜ! ಇದೇನು, ಇಷ್ಟು ಉದ್ದ ಇದ್ದೂ ಹಗುರ?"

"ಉದ್ದ ಇದ್ರೆ ಭಾರ ಹಂಚಿಹೋಗ್ತದೆ ಅರ್ಬಾಬ್," ಎಂದ ಬೋಜ. ಅದು ಹೇಗೆ ಎಂದು ಅವರು ಕೇಳಲಿಲ್ಲ.

ಅಲ್ಲಿಂದ ಮುಂದೆ ಅರ್ಬಾಬರು ಕಂಡ್ಯೂಟ್ ಹೊತ್ತು ಮುಂದೆ ನಡೆದರು. ಬೋಜ ತಾನೇ ತುಂಬಿಸಿದ ಮರಳನ್ನೆಲ್ಲ ತಾನೇ ಹೊತ್ತು ಹಿಂದೆ. ಎರಡು ಪಟ್ಟಿಗಳು ಎರಡು ಹೆಗಲನ್ನು ಕೊಯ್ಯುತ್ತಿದ್ದವು. ಬಲಗಡೆಯ ಪೈಪು ಹೆಜ್ಜೆಹೆಜ್ಜೆಗೂ ಸೊಂಟಕ್ಕೆ ಬಡಿಯುತ್ತಿತ್ತು. ಇಂಥ ಕೋವಿಯನ್ನು ಅಜ್ಜ ಠಾಣೆಯವರೆಗೆ ಬಸ್ಸಿನಲ್ಲಿ ಒಯ್ಯುತ್ತಿದ್ದರಲ್ಲ ಎಂದು ನೆನೆದು ಅವನಿಗೆ ಅಜ್ಜನ ಮೇಲೆ ಗೌರವ ಹುಟ್ಟಿತು. ದಾರಿಯಲ್ಲಿ ಅರ್ಬಾಬರು ಕುಳಿತಲ್ಲೆಲ್ಲ ಅವನೂ ಕುಳಿತ. ಅವರು ಕುಳಿತುಕೊಳ್ಳದ ಕಡೆಯೂ ಕುಳಿತ. ಒಂದೆಡೆ ಚಾಚಿಕೊಂಡ ಬಂಡೆಗೆ ಕಂಡ್ಯೂಟಿನ ತುದಿ ತಾಗಿ ಠಣ್ ಎಂದಿತು. ಅರ್ಬಾಬರು ನಕ್ಕು, ತಲೆ ಬಗ್ಗಿಸಿ ಮುಂದೆ ಹೋದರು.

"ನನ್ನ ಬಾಪನ ಬಂದೂಕು ಇದಕ್ಕಿಂತ ಉದ್ದ ಇತ್ತು," ಎನ್ನುತ್ತಿದ್ದರು. "ಜಬಲ್ ಅಖ್ದರ್ ಬೆಟ್ಟದಲ್ಲಿ ನಾನು ಅದನ್ನು ಹೊತ್ತು ಅವನ ಹಿಂದೆ ನಡೆಯುತ್ತಿದ್ದೆ. ಬಾಪ ತಿರುಗಿ ನೋಡುತ್ತಲೇ ಇರಲಿಲ್ಲ. ನಾನು ಬಿದ್ದರೆ ಬಂದೂಕಿನ ಸದ್ದು ಕೇಳುತ್ತದಲ್ಲ, ಅದಕ್ಕೆ."

ಗುಡ್ಡದ ಬೆನ್ನಿಗೆ ಬಂದಾಗ ಕೆಳಗೆ ಬಂದರು ಕಾಣಿಸಿತು. ಹಡಗುಗಳು, ಕಡಲ ದಂಡೆಯ ಕೋರ್ನಿಶ್ ರಸ್ತೆ, ಬಿಳಿ ಮನೆಗಳು. ಅರ್ಬಾಬರು ಒಂದು ಕಲ್ಲಿನ ಮೇಲೆ ಕುಳಿತು ಕಂಡ್ಯೂಟನ್ನು ತೊಡೆಗಳ ಮೇಲೆ ಅಡ್ಡ ಇಟ್ಟುಕೊಂಡರು. ಮುಖ ಕೆಂಪಾಗಿತ್ತು, ತುಟಿಯ ಸುತ್ತ ಮಾತ್ರ ಬೂದು ಬಣ್ಣ. ಆದರೆ ಬೋಜ ಅವರನ್ನು ಅಷ್ಟು ಸಂತೋಷವಾಗಿ ಕಂಡು ಎಷ್ಟೋ ವರ್ಷವಾಗಿತ್ತು.

"ನಿನಗೊಂದು ಮಾತು ಹೇಳುತ್ತೇನೆ ಬೋಜ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇವತ್ತು ಈ ಗುಡ್ಡ ಹತ್ತಲಾಗದಿದ್ದರೆ ಕಿರ್ಗಿಸ್ತಾನ ಬೇಡ ಅಂತ ಅಂದುಕೊಂಡು ಬಂದಿದ್ದೆ. ಗೆಳೆಯನಿಗೆ ಹೇಳಲು ನೆಪ ಕೂಡ ಹುಡುಕಿಟ್ಟಿದ್ದೆ. ಹಲ್ಲು ನೋವು ಅಂತ." ನಕ್ಕರು. "ಮೊದಲಿನ ಎರಡನ್ನು ಹೊತ್ತಾಗ ಮುಗಿಯಿತು ಅಂದುಕೊಂಡೆ. ಈ ಮೂರನೆಯದು! ಇದನ್ನು ಹೊತ್ತುಕೊಂಡು ನಾನು ಎಲ್ಲಿಗೆ ಬೇಕಾದರೂ ಹೋಗಬಲ್ಲೆ." ಜೇಬಿನಿಂದ ಮೊಬೈಲ್ ತೆಗೆದು, ಕಣ್ಣಿನಿಂದ ದೂರ ಹಿಡಿದು, ಗೆಳೆಯನ ನಂಬರು ಹುಡುಕತೊಡಗಿದರು.

ಬೋಜ ಎರಡು ಪೈಪುಗಳ ನಡುವೆ ನೆಲದ ಮೇಲೆ ಕುಳಿತಿದ್ದ. ತಾನೇನು ಮಾಡಿದೆ ಎಂಬುದು ಅವನಿಗೆ ನಿಧಾನವಾಗಿ, ಉಸಿರು ಮರಳಿದಂತೆಲ್ಲ ಹೊಳೆಯಿತು. ಸ್ಯಾಂಪಲ್ಲುಗಳನ್ನು ಇದ್ದದ್ದು ಇದ್ದ ಹಾಗೆ ಮಾಡಿಸಿ ತಂದಿದ್ದರೆ ಈ ಮನುಷ್ಯ ಅರ್ಧ ದಾರಿಯಲ್ಲಿ ಹಲ್ಲುನೋವು ಎಂದು ಹೇಳಿ ಮನೆಗೆ ಹೋಗುತ್ತಿದ್ದ. ರುಕಿಯಾ ಸಹಿ ಹಾಕುತ್ತಿದ್ದಳು. ಈಗ ಫೋನು ಹೋಗುತ್ತದೆ. ಆ ಕಡೆಯಿಂದ ಮಬ್ರೂಕ್ ಎಂಬ ಅಭಿನಂದನೆ ಬರುತ್ತದೆ. ಒಮ್ಮೆ ಕೊಟ್ಟ ಮಾತನ್ನು, ನಿಜವಾದ ಕೋವಿ ಎಷ್ಟೇ ಭಾರವಾಗಿ ಬರಲಿ, ಅಲಿ ಅರ್ಬಾಬರು ಹಿಂದೆಗೆದುಕೊಳ್ಳುವವರಲ್ಲ.

ಇನ್ನೊಂದು ದಾರಿ ಹುಡುಕಬಹುದಿತ್ತು. ಸಿಗ್ನಲ್ ಇಲ್ಲ ಎನ್ನಬಹುದು. ಸೆಪ್ಟೆಂಬರಿನಲ್ಲಿ ಅಲ್ಲಿ ಹಿಮವಂತೆ ಎನ್ನಬಹುದು. ನಾಳೆ ಇನ್ನು ಮೂರು ಸ್ಯಾಂಪಲ್ ತರಬಹುದು. ಆದರೆ ಇನ್ನೊಂದು ಸುಳ್ಳನ್ನು ಕತ್ತರಿಸಿ, ಬೆಸೆದು, ಬಣ್ಣ ಬಳಿದು ಮೇಲಕ್ಕೆ ಹೊತ್ತು ತರುವ ಶಕ್ತಿ ಅವನಲ್ಲಿ ಇರಲಿಲ್ಲ. ಧೈರ್ಯ ಬಂದು ಹೇಳಿದನೆಂದರೆ ಅದು ಉತ್ಪ್ರೇಕ್ಷೆ. ಸುಸ್ತಾಗಿ ಹೇಳಿದ.

"ಅರ್ಬಾಬ್, ಅದು ಕಂಡ್ಯೂಟ್."

"ಏನು?"

"ನಿಮ್ಮ ಕೈಯಲ್ಲಿ ಇರೋದು. ಕರೆಂಟಿನ ಕಂಡ್ಯೂಟ್. ಖಾಲಿ. ಇದರಲ್ಲಿ ಮರಳು ತುಂಬಿದೆ. ಅದರಲ್ಲೂ."

ಅರ್ಬಾಬರ ಹೆಬ್ಬೆರಳು ಫೋನಿನ ಮೇಲೆ ನಿಂತಿತು. ಅವರು ಕಂಡ್ಯೂಟಿನ ಬಾಯಿಯನ್ನು ಕಣ್ಣ ಹತ್ತಿರ ತಂದು ಒಳಗೆ ನೋಡಿದರು. ಆ ಕಡೆ ಸಮುದ್ರ ಕಂಡಿರಬೇಕು. ಫೋನನ್ನು ಜೇಬಿಗೆ ಹಾಕಿದರು. ಎದ್ದು ಬಂದು ಬೋಜನ ಬಲಗಡೆಯ ಗಿಡ್ಡ ಪೈಪನ್ನು ಎತ್ತಿಕೊಂಡು, ದಾರಿಯ ಏರಿನಲ್ಲಿ ಕೆಲವು ಹೆಜ್ಜೆ ಹತ್ತಿ, ನಿಂತು, ಬಂಡೆಗೆ ಕೈಕೊಟ್ಟು, ಮರಳಿ ಇಳಿದರು. ಅದನ್ನು ಇದ್ದ ಜಾಗದಲ್ಲೇ ಇಟ್ಟರು.

"ನಿಜವಾದದ್ದು ಇವುಗಳಲ್ಲಿ ಯಾವುದರ ಹಾಗೆ ಇರುತ್ತದೆ?"

"ಯಾವುದರ ಹಾಗೂ ಇಲ್ಲ."

"ಮೂರರಲ್ಲಿ ಒಂದೂ ಇಲ್ಲ?"

"ಇಲ್ಲ."

"ರುಕಿಯಾ ಹೇಳಿದಳಾ?"

ಬೋಜ ಕೆಮ್ಮಿದ. ಅರ್ಬಾಬರಿಗೆ ಅಷ್ಟು ಸಾಕಾಯಿತು. ಕೆಳಗೆ ಒಂದು ಹಡಗು ಕೂಗಿತು.

"ಸರಿ. ಈಗ ಸ್ಯಾಂಪಲ್ ಇಲ್ಲದೆ ಹೇಳು. ಎಷ್ಟು ಇಂಚು?"

ಇಪ್ಪತ್ತೆರಡು ವರ್ಷದಲ್ಲಿ ಯಾರಿಗೂ ಕೊಡದ ಉತ್ತರ.

"ಇಪ್ಪತ್ತು."

"ಯಾಕೆ?"

"ನೀವು ತಗೊಳ್ಳೋ ತೋಟಾಕ್ಕೆ ಅಷ್ಟು ಸಾಕು. ಬಂಡೆಗೆ ತಾಗೂದಿಲ್ಲ. ತೆಳು ನಳಿಗೆ ತಗೊಳ್ಳಿ."

"ಮತ್ತೆ?"

"ಮತ್ತೆ, ಹೋಗ್ಬೇಡಿ."

ಅರ್ಬಾಬರು ತಿರುಗಿ ನೋಡಿದರು.

"ಖಾಲಿ ಕಂಡ್ಯೂಟ್ ಹಿಡ್ಕೊಂಡೇ ದಾರಿಯಲ್ಲಿ ಎಷ್ಟು ಕಡೆ ಕೂತ್ರಿ ಅರ್ಬಾಬ್. ತುಟಿ ಬೂದು ಬಣ್ಣ ಆಗಿದೆ. ಅಲ್ಲಿ ಗಾಳಿಯೂ ಕಡಿಮೆ."

"ನೀನು ನನಗಿಂತ ಹೆಚ್ಚು ಕೂತೆ."

"ನಾನು ಕಿರ್ಗಿಸ್ತಾನಕ್ಕೆ ಹೋಗೂದಿಲ್ಲ ಅರ್ಬಾಬ್."

ಅದು ನಗುವ ಹೊತ್ತಲ್ಲ, ಅರ್ಬಾಬರು ನಗಲಿಲ್ಲ. "ಇಷ್ಟು ವರ್ಷದಲ್ಲಿ ನೀನು ನನಗೆ ಒಂದು ಸಂಖ್ಯೆ ಹೇಳಿದ್ದು ಇವತ್ತೇ," ಎಂದರು.

"ಸ್ಯಾಂಪಲ್ ಇಲ್ಲದೆ ನೀವು ಕೇಳಿದ್ದು ಇವತ್ತೇ."

ಅದು ಬಾಯಿಂದ ಹೊರಬಿದ್ದ ಮೇಲೆ ಬೋಜನಿಗೇ ಆಶ್ಚರ್ಯವಾಯಿತು. ಅರ್ಬಾಬರು ದಿಶ್‌ದಾಶಾದ ಧೂಳು ಕೊಡವಿಕೊಂಡರು. "ಯಲ್ಲಾ, ನಡೆ," ಎಂದರು. ಮೂರು ಪೈಪುಗಳನ್ನೂ ಬೋಜನೇ ಇಳಿಸಿದ. ಇಳಿಯುವಾಗ ಅರ್ಬಾಬರು ಅಡಿಗಡಿಗೆ ಬಂಡೆ ಹಿಡಿಯುತ್ತಿದ್ದರು. ಬೋಜ ಕೈಕೊಡಲು ಹೋದಾಗ ಕೈ ಕೊಡವಿದರು. ಮತ್ರಾದಿಂದ ವಾದಿ ಕಬೀರಿನವರೆಗೆ ಕಾರಿನಲ್ಲಿ ಎ.ಸಿ.ಯೊಂದೇ ಮಾತಾಡಿತು.

ಮನೆಗೆ ಬಂದ ಬೋಜ ಚಾಪೆಯ ಮೇಲೆ ಮಲಗಿ, ಅಪ್ಪಿಯಿಂದ ಹೆಗಲಿಗೆ ಬಾಮ್ ಹಚ್ಚಿಸಿಕೊಂಡ. ರುಕಿಯಾಳಿಗಾಗಿ ಹೇಳಿದ ಸುಳ್ಳು ಅವಳ ತಂದೆಗೆ ತಿಳಿಯಿತು. ತಂದೆಗೆ ಹೇಳಿದ ನಿಜ ಅವಳಿಗೆ ತಿಳಿಯುತ್ತದೆ. ಇನ್ನು ರಿನ್ಯೂವಲ್ಲಿಗೆ ಇಬ್ಬರಲ್ಲಿ ಯಾರೂ ಸಹಿ ಹಾಕುವುದಿಲ್ಲ ಎಂದುಕೊಂಡ.

"ಎಂತ ಆಯ್ತು ಅಂತ ಆದ್ರೂ ಹೇಳಿ," ಎಂದಳು ಅಪ್ಪಿ.

"ಸುಳ್ಯದಲ್ಲಿ ಪಿಯುಸಿ ಕಾಲೇಜು ಚೆನ್ನಾಗಿ ಉಂಟಂತಲ್ಲ," ಎಂದ ಬೋಜ.

ಅಪ್ಪಿ ಬಾಮಿನ ಡಬ್ಬಿ ಮುಚ್ಚಿದಳು. ಅವನ ಮಟ್ಟಿಗೆ ಅದು ಬಹಳ ಸ್ಪಷ್ಟವಾದ ಉತ್ತರವೆಂದು ಅವಳಿಗೆ ಗೊತ್ತಿತ್ತು.

ಶನಿವಾರ ಅರ್ಬಾಬರು ಆಫೀಸಿಗೆ ಬರಲಿಲ್ಲ. ಭಾನುವಾರ ಬಂದು, ಟೀ ಕುಡಿದು, ಬೋಜನ ಮೇಜಿನ ಮುಂದೆಯೇ ಅವನನ್ನು ನೋಡದೆ ನಡೆದುಹೋದರು. ಮಧ್ಯಾಹ್ನ ರುಕಿಯಾ ಕರೆದಳು. ಬೋಜ ಕುಳಿತುಕೊಳ್ಳಲಿಲ್ಲ, ಕುಳಿತರೆ ಏಳುವುದು ಕಷ್ಟವಿತ್ತು.

"ಬಾಬಾ ಬೇಟೆಯನ್ನು ಬಿಟ್ಟಿದ್ದಾರೆ," ಎಂದಳು. "ಗೆಳೆಯನಿಗೆ ಹಲ್ಲು ನೋವು ಅಂತ ಹೇಳಿದರಂತೆ. ಸೆಪ್ಟೆಂಬರಿಗೆ ಈಗಲೇ ಹಲ್ಲು ನೋವು! ಬಂದೂಕು ಮಾತ್ರ ತರಿಸ್ತಾರಂತೆ. ಇಪ್ಪತ್ತು ಇಂಚು. ಊರಿನಲ್ಲಿ ಗುರಿ ಹೊಡೀತಾರಂತೆ. ನಾನು ಉದ್ದದ್ದು ಅಂದಿದ್ದೆ, ನೀವು ಅದಕ್ಕೂ ಮೊದಲೇ ಮುಗಿಸಿಬಿಟ್ಟಿರಿ. ಹೇಗೆ ಮಾಡಿದಿರಿ ಅಂಕಲ್?"

"ಗುಡ್ಡ ಹತ್ತಿ ಇಳಿದೆವು," ಎಂದ ಬೋಜ.

ಅವಳು ದರ ಮುಚ್ಚಿಡುವ ಕಂಟ್ರಾಕ್ಟರನನ್ನು ನೋಡುವಂತೆ ಅವನನ್ನು ನೋಡಿ ನಕ್ಕಳು. ರಿನ್ಯೂವಲ್ ಕಾಗದ ಎಳೆದುಕೊಂಡು ಸಹಿ ಮಾಡಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತ, ಸ್ವಲ್ಪ ಮುಜುಗರದಿಂದ, "ಇನ್ನೊಂದು ವಿಷಯ. ಬಾಬಾ ನಿಮ್ಮನ್ನು ಪರ್ಚೇಸಿನಿಂದ ತೆಗೆದು ಸ್ಟೋರಿಗೆ ಹಾಕು ಅಂದಿದ್ದಾರೆ. ಚೇತನ್ ಪರ್ಚೇಸ್ ನೋಡ್ತಾನೆ. ಸಂಬಳ ಅದೇ ಇರುತ್ತೆ, ನಾನು ಮಾತಾಡಿದ್ದೇನೆ. ನೀವಿಬ್ಬರೂ ಜಗಳ ಆಡಿದ್ರಾ?"

"ಇಲ್ಲ. ಅವರು ಕೇಳಿದ್ರು, ನಾನು ಹೇಳಿದೆ."

ಇದು ಕಾರಣವಾಗಲು ಹೇಗೆ ಸಾಧ್ಯ ಎಂದು ಅವಳಿಗೆ ಅರ್ಥವಾಗಲಿಲ್ಲ. ಕಾಗದವನ್ನು ಅವನ ಕಡೆ ಸರಿಸಿದಳು. "ಎರಡು ವರ್ಷ. ಖಲಾಸ್?"

"ಖಲಾಸ್," ಎಂದ ಬೋಜ. ಹೊರಗೆ ಬಂದವನೇ ಮನೆಗೆ ಫೋನು ಮಾಡಿ, ಮಗಳಿಗೆ ಯಾವುದು ಬೇಕೋ ಅದನ್ನೇ ಮಿಸ್ಸಿಗೆ ಹೇಳಲಿ ಎಂದ.

ಸ್ಟೋರು ವರ್ಕ್‌ಶಾಪಿನ ಪಕ್ಕದ ತಗಡಿನ ಶೆಡ್ಡು. ಒಂದು ಮೇಜು, ಒಂದು ತೋಳು ಮುರಿದ ಕುರ್ಚಿ, ಗೋಡೆಯುದ್ದಕ್ಕೂ ಪೈಪು. ಬೋಜ ಕುರ್ಚಿಯಲ್ಲಿ ಕುಳಿತು, ತೋಳಿದ್ದ ಕಡೆಗೆ ವಾಲಿ, ಕಣ್ಣು ಮುಚ್ಚಿದ. ಬೆಸುಗೆಯ ಕನ್ನಡಕವನ್ನು ಹಣೆಗೇರಿಸಿಕೊಂಡು ಸ್ಟ್ಯಾನ್ಲಿ ಬಾಗಿಲಲ್ಲಿ ನಿಂತ.

"ಎಂತ ಬೋಜಣ್ಣ, ನಿಮ್ಮನ್ನು ಇಲ್ಲಿಗೆ ಹಾಕಿದ್ರಂತೆ? ಎಂತ ಮಾಡಿದ್ರಿ?"

"ಅರ್ಬಾಬರತ್ರ ಬೇಡ ಅಂದೆ."

"ಅಷ್ಟಕ್ಕಾ? ನಾನು ದಿನಾ ಹತ್ತು ಸಲ ಬೇಡ ಅಂತೇನೆ. ನನ್ನನ್ನು ಯಾರೂ ಎಲ್ಲಿಗೂ ಹಾಕ್ಲಿಲ್ಲ."

"ನಿನ್ನತ್ರ ಯಾರು ಕೇಳ್ತಾರೆ ಮಾರಾಯ."

ಸ್ಟ್ಯಾನ್ಲಿ ಅದರ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಿದ. "ಅದೂ ಹೌದು," ಎಂದು ಹೇಳಿ, ಕನ್ನಡಕ ಇಳಿಸಿಕೊಂಡು ಪಂಪಿನ ಹತ್ತಿರ ಹೋದ.